ಎಂಟನೇ ವಿಭಾಗಕ್ಕೆ ಬಿದ್ದ ಹೂವು

ಭವಿಷ್ಯ ಹೇಳುವುದರಲ್ಲಿ ಇಡೀ ಕೊಳ್ಳೇಗಾಲ ತಾಲ್ಲೂಕಿಗೆ ನಾನೊಬ್ಬನೇ ಎಂಬ ಹೆಮ್ಮೆ ನನಗಿತ್ತು. ರೇಷ್ಮೆಗೂಡಿನ ರೇಟು, ಪಂಚಾಯ್ತಿ ಚುನಾವಣೆ, ನಮ್ಮ ಸಾಹೇಬರ ವರ್ಗಾವಣೆ, ಎಲ್ಲವನ್ನೂ ಮುಂಚೆಯೇ ಹೇಳಿಬಿಡುತ್ತಿದ್ದೆ. ಹೇಳಿದ್ದು ಆಗುತ್ತಿತ್ತೇ ಎಂದು ಮಾತ್ರ ಕೇಳಬೇಡಿ. ಹೇಳುವ ಧೈರ್ಯವಾದರೂ ಎಷ್ಟು ಜನಕ್ಕಿದೆ!

ಆಫೀಸಿನ ಬಸವೇಶನಿಗೆ ಇದು ಹೊಟ್ಟೆಯುರಿ. ಒಂದು ದಿನ ಟೀ ಕುಡಿಯುತ್ತಾ ಕೆಣಕಿದ.

"ಚಿನ್ನಸ್ವಾಮಿ ಸಾ, ಇಲ್ಲೀದು ಯಾರ್ ಬೇಕಾದ್ರೂ ಏಳ್ತಾರೆ. ಇದ ಏಳಿ, ಒಪ್ಕತೀನಿ."

ಮೊಬೈಲಿನಲ್ಲಿ ತೋರಿಸಿದ್ದು ಅಮೆರಿಕದ ಫುಟ್‌ಬಾಲ್. ಹೆಸರಿಗೆ ಫುಟ್‌ಬಾಲ್, ಆದರೆ ಚೆಂಡನ್ನು ಕಂಕುಳಲ್ಲಿ ಅವುಚಿಕೊಂಡು ಓಡುವವರೇ ಎಲ್ಲ! ಮೂವತ್ತೆರಡು ತಂಡ, ನಾಲ್ಕು ನಾಲ್ಕರಂತೆ ಎಂಟು ವಿಭಾಗ. ಸೆಪ್ಟೆಂಬರಿನಲ್ಲಿ ಆಟ ಶುರುವಾಗುವ ಮೊದಲೇ ಯಾವ ವಿಭಾಗದಲ್ಲಿ ಯಾರು ಮೊದಲು ಬರುತ್ತಾರೆಂದು ಹೇಳಬೇಕು. "ಎಂಟಕ್ಕೆ ಎಂಟೂ ಹೇಳ್ತೀನಿ, ಬರ್ಕೊ" ಎಂದು ಮೀಸೆ ತಿರುವಿ ಮನೆಗೆ ಬಂದೆ.

ಮನೆಯ ಪರಿಸ್ಥಿತಿ ಆಗ ಮೀಸೆ ತಿರುವುವ ಹಾಗಿರಲಿಲ್ಲ. ನಮ್ಮ ಅತ್ತೆ ಶಿವನಂಜಮ್ಮನವರ ಹೃದಯದ ಕವಾಟ ಕೆಟ್ಟಿತ್ತು. ಲೊಕ್ಕನಹಳ್ಳಿಯಿಂದ ಕರೆತಂದು ನಮ್ಮ ನಡುಮನೆಯಲ್ಲೇ ಮಂಚ ಹಾಕಿದ್ದೆವು. ಮೈಸೂರಿನ ಡಾಕ್ಟರು, "ಆಪರೇಷನ್ ಮಾಡಿದರೂ ಅಪಾಯ, ಬಿಟ್ಟರೂ ಅಪಾಯ. ವಯಸ್ಸಾಗಿದೆ. ನೀವೇ ಯೋಚಿಸಿ ಹೇಳಿ" ಎಂದು ಕೈತೊಳೆದುಕೊಂಡಿದ್ದರು. ಆವತ್ತಿನಿಂದ ನನ್ನ ಹೆಂಡತಿ ಕುಸುಮಳಿಗೆ ಅನ್ನ ಸೇರುತ್ತಿರಲಿಲ್ಲ. ಹೂಂ ಅಂದು ಅಮ್ಮನನ್ನು ಕಳೆದುಕೊಂಡರೆ? ಬೇಡ ಅಂದು ಕಳೆದುಕೊಂಡರೆ?

ನಾನೋ, ಮಂಚದ ಪಕ್ಕದಲ್ಲೇ ಕೂತು ಅಮೆರಿಕವನ್ನು ಗೆಲ್ಲುತ್ತಿದ್ದೆ.

"ಕುಸುಮಾ, ಒಂದೇ ವಿಭಾಗದಲ್ಲಿ ಸಿಂಹ, ಕರಡಿ ಅಂತ ಎರಡು ತಂಡ ಇದೆ ಕಣೇ. ಯಾವುದನ್ನ ಹೇಳಲಿ?"

"ಕರಡಿ ಅನ್ನಿ. ಸಿಂಹವ ಯಾರ್ ಕಂಡವ್ರೆ? ಕರಡಿ ನಮ್ಮೂರ ಜ್ವಾಳದ ಒಲಕ್ಕೆ ಬಂದದ್ದ ನಾನೇ ಕಂಡಿವ್ನಿ. ಅಮ್ಮುನ್ ಇಚಾರ ಏನಾರ ಯೋಚ್ನ ಮಾಡಿದ್ರಾ?"

"ಮಾಡ್ತಾ ಇದ್ದೀನಿ" ಎಂದೆ. ಸುಳ್ಳು. ಏಳು ವಿಭಾಗ ಮುಗಿದಿತ್ತು. ಎಂಟನೆಯದರಲ್ಲಿ ಫಿಲಡೆಲ್ಫಿಯಾದ ಹದ್ದೋ, ಡಲ್ಲಾಸಿನ ದನ ಕಾಯುವವರೋ ಎಂಬುದೇ ನನ್ನ ತಲೆಯನ್ನು ತಿನ್ನುತ್ತಿತ್ತು.

ಕೊನೆಗೆ ಕುಸುಮಳೇ ದಾರಿ ಹುಡುಕಿದಳು. ಹನೂರಿನ ಆಚೆ ಅವರ ಮನೆದೇವರ ಗುಡಿಯಿದೆ. ದೇವರ ಎರಡು ಭುಜಕ್ಕೂ ಹೂವು ಅಂಟಿಸುತ್ತಾರೆ. ಮನಸ್ಸಿನಲ್ಲಿ ನೆನೆಸಿಕೊಂಡಾಗ ಬಲಗಡೆಯದು ಬಿದ್ದರೆ ಅಪ್ಪಣೆಯಾಯಿತು, ಎಡಗಡೆಯದು ಬಿದ್ದರೆ ಬೇಡ ಎಂದರ್ಥ.

"ಬಲಕ್ಕೆ ಕೊಟ್ರೆ ಆಪರೇಸನ್ ಮಾಡ್ಸವ. ಎಡಕ್ಕೆ ಕೊಟ್ರೆ ಬ್ಯಾಡ. ಅಮ್ಮುನ್ ಬುಟ್ಟು ನಾನು ಬರಕ್ಕಾಗಲ್ಲ, ನೀವೇ ಓಗ್ಬನ್ನಿ. ಮನಸಿಟ್ಟು ಕೇಳಿ ಕಣ್ರೀ" ಎಂದು ಕೈಮುಗಿದಳು. ಅವಳು ನನಗೆ ಕೈಮುಗಿದದ್ದು ಅದೇ ಮೊದಲು.

ಸ್ನಾನ ಮಾಡಿ, ಉಪವಾಸದಲ್ಲೇ ಬಸ್ಸು ಹತ್ತಿದೆ. ಗುಡಿಯಲ್ಲಿ ಪೂಜಾರಿ ಮಾದಣ್ಣ ಹೂವು ಅಂಟಿಸಿ, "ಕಣ್ಮುಚ್ಕಂಡು ನೆನ್ಸ್ಕಳಿ ಸಾ. ಬಾಯ್ಬುಟ್ಟು ಏಳಬ್ಯಾಡಿ" ಎಂದ. ಕಣ್ಣು ಮುಚ್ಚಿದೆ. "ಸ್ವಾಮಿ, ನಮ್ಮ ಅತ್ತೆಗೆ..." ಎಂದು ಶುರು ಮಾಡಿದ್ದೆ ಅಷ್ಟೆ, ಗುಡಿಯ ಮೇಲೆ ಸುತ್ತುತ್ತಿದ್ದ ಹದ್ದೊಂದು ಕೀ ಎಂದು ಕೂಗಿತು. ಹಾಳು ಮನಸ್ಸು! "ಹದ್ದೇ ಗೆಲ್ಲುತ್ತದಾ ಸ್ವಾಮಿ?" ಎಂದುಬಿಟ್ಟಿತು. ಆ ಗಳಿಗೆಗೇ ಹೂವು ಬಿತ್ತು.

"ಬಲಕ್ಕೇ ಕೊಟ್ಟವ್ನೆ. ನೆನ್ಸಿದ್ದ ಮಾಡಿ ಸಾ, ಯೋಚ್ನ ಬ್ಯಾಡ."

"ಇನ್ನೊಂದು ಸಲ ಕೇಳಬಹುದಾ ಮಾದಣ್ಣ?"

"ಕೊಟ್ ಮ್ಯಾಲೂ ಕೇಳುದ್ರೆ ಸ್ವಾಮಿ ಮ್ಯಾಲೆ ಅನ್ಮಾನ ಪಟ್ಟಂಗಾಯ್ತದೆ."

ಮನೆಗೆ ಬಂದಾಗ ಕುಸುಮ ಬಾಗಿಲಲ್ಲೇ ನಿಂತಿದ್ದಳು. "ಯಾವ್ ಕಡೆ ಬಿತ್ತು?"

"ಬಲಗಡೆ" ಎಂದೆ. ಅದಂತೂ ಸತ್ಯವೇ!

ಉಳಿದದ್ದನ್ನು ಹೇಳಬೇಕೆಂದು ಬಾಯಿ ತೆರೆಯುವಷ್ಟರಲ್ಲಿ ಅವಳು ಅಳುತ್ತಾ ನಗುತ್ತಾ ಅದರೊಳಗೆ ಪ್ರಸಾದ ತುರುಕಿದಳು. ಡಾಕ್ಟರಿಗೆ ಫೋನು ಹೋಯಿತು, ಆಪರೇಷನ್ನಿಗೆ ದಿನ ಗೊತ್ತಾಯಿತು. ಗೋಪಿನಾಥಂನಿಂದ ಭಾಮೈದ ಸ್ವಾಮಿ ಬಸ್ಸು ಕಾದು ಹಿಡಿದು ಬಂದಿಳಿದ. ನೆಂಟರೆಲ್ಲ "ದೇವ್ರೇ ಏಳುದ್ ಮ್ಯಾಲೆ ಇನ್ನೇನು" ಎಂದರು. ಕುಸುಮ ಹೊಟ್ಟೆ ತುಂಬ ಊಟ ಮಾಡಿದಳು. ಅದನ್ನು ನೋಡಿ ನನ್ನ ನಾಲಿಗೆ ಇನ್ನಷ್ಟು ಒಳಗೆ ಹೋಯಿತು.

ಹೊರಡುವ ಬೆಳಿಗ್ಗೆ ಕಾರು ಬಾಗಿಲಿಗೆ ಬಂತು. ಕುಸುಮ ಅಮ್ಮನ ತಲೆ ಬಾಚುತ್ತಾ, "ಏನೂ ಆಗಲ್ಲ ಅಮ್ಮ, ದೇವ್ರು ಕೊಟ್ಟವ್ನೆ" ಎನ್ನುತ್ತಿದ್ದಳು. ಅತ್ತೆ ಮಂಚದ ಪಟ್ಟಿಯನ್ನು ಬಿಗಿಯಾಗಿ ಹಿಡಿದುಕೊಂಡಿದ್ದರು. ಇನ್ನು ನನ್ನಿಂದ ತಡೆಯಲಾಗಲಿಲ್ಲ.

"ಕುಸುಮಾ, ಆ ಹೂವು ಅತ್ತೆಗೆ ಬಿದ್ದದ್ದಲ್ಲ."

"ಮತ್ತೆ ಯಾರ್ಗೆ?"

"ಫಿಲಡೆಲ್ಫಿಯಾದ ಹದ್ದಿಗೆ."

ಎಲ್ಲವನ್ನೂ ಹೇಳಿದೆ. ಅವಳು ಬೈಯಲಿಲ್ಲ. ಬಾಚಣಿಗೆ ಹಿಡಿದುಕೊಂಡೇ ನೆಲದ ಮೇಲೆ ಕುಸಿದು ಕೂತಳು. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಭಾಮೈದ ನನ್ನ ಮುಖ ನೋಡದೆ, "ಇದೇ ಕಾರಲ್ಲಿ ಗುಡೀಗೇ ಓಗವ ಅಕ್ಕ, ತಿರ್ಗ ಕೇಳವ" ಎಂದ.

ಆಗ ಅತ್ತೆ ಬಾಯಿಬಿಟ್ಟರು. "ಡಾಕ್ಟ್ರ ಕೇಳುದ್ರಿ, ದೇವ್ರ ಕೇಳುದ್ರಿ. ಕಾಣದ ದೇಸದ ಹದ್ದಿಗೂ ಅಪ್ಪಣೆ ಕೇಳುದ್ರಿ. ಇಲ್ಲೇ ಬಿದ್ದಿದ್ದ ನನ್ನ ಒಂದ್ ಮಾತ ಕೇಳ್ನಿಲ್ವಲ್ಲ."

ಕುಸುಮ ಬಾಚಣಿಗೆ ಬಿಟ್ಟು ಅಮ್ಮನ ಪಾದ ಹಿಡಿದು, "ಏನ್ ಮಾಡವ ಅಂತ ನೀನೇ ಏಳಮ್ಮ" ಎಂದಳು.

"ಕುಯ್ಯದು ಬ್ಯಾಡ ಮಗ, ಭಯ ಆಯ್ತದೆ. ಇರಗಂಟ ನಿನ್ ಕೈಲಿ ಗಂಜಿ ಕುಡ್ಕಂಡು ಇಲ್ಲೇ ಇರ್ತೀನಿ."

ಕಾರು ವಾಪಸ್ ಹೋಯಿತು. ನಾನು ಸಂಕಟ ತಡೆಯಲಾರದೆ ಮಂಚದ ಹತ್ತಿರ ಹೋಗಿ, "ಅತ್ತೆ, ನೀವು ಇನ್ನೂ ಹತ್ತು ವರ್ಷ ಗಟ್ಟಿಯಾಗಿರ್ತೀರಿ. ನಾನು ಹೇಳ್ತೀನಿ ಕೇಳಿ" ಎಂದೆ.

ಅತ್ತೆ ಎದೆ ಒತ್ತಿಕೊಂಡು ನಕ್ಕರು. "ನೀವ್ ಏಳಿದ್ದು ಯಾವತ್ತಾರ ಆಗಿದ್ದದಾ ಅಳಿಮಯ್ಯ?"

ಕುಸುಮಳಿಗೂ ನಗು ಬಂತು. ಕಣ್ಣಲ್ಲಿ ನೀರಿಟ್ಟುಕೊಂಡೇ ನಕ್ಕಳು.

ಕಾರ್ತಿಕದ ಒಂದು ಬೆಳಿಗ್ಗೆ, ಮಗಳ ಕೈಯಲ್ಲಿ ಗಂಜಿ ಕುಡಿಯುತ್ತಲೇ ಅತ್ತೆ ಹೋಗಿಬಿಟ್ಟರು. ಮಣ್ಣಿಗೆ ಬಂದಿದ್ದ ಬಸವೇಶ ಫುಟ್‌ಬಾಲಿನ ಸುದ್ದಿಯೇ ಎತ್ತಲಿಲ್ಲ. ಎತ್ತಿದ್ದರೂ ನನಗೇನೂ ಅನ್ನಿಸುತ್ತಿರಲಿಲ್ಲ. ಎಂಟಕ್ಕೆ ಎಂಟೂ ತಪ್ಪಲಿ, ಊರೆಲ್ಲ ನಗಲಿ. ನಾನು ಹೇಳಿದ ಆ ಹತ್ತು ವರ್ಷವೊಂದು ನಿಜವಾಗಿದ್ದರೆ ಸಾಕಿತ್ತು.