ಹಳದಿ ಗೋಡೆಗೆ ಕಿವಿಗೊಟ್ಟು

ಮನೆಗೆ ಬಣ್ಣ ಆರಿಸುವ ಅಧಿಕಾರವನ್ನು ನನ್ನಂಥವನ ಕೈಗೆ ಕೊಡಬಾರದು ಎಂದು ಈಗ ಒಪ್ಪುತ್ತೇನೆ. ಒಪ್ಪುವುದಕ್ಕೆ ಸ್ವಲ್ಪ ತಡವಾಯಿತು, ಅಷ್ಟೆ. ಬಂಗಾರಪೇಟೆಯ ಬಣ್ಣದಂಗಡಿಯಲ್ಲಿ ಅಂಗೈಯಗಲದ ಚೀಟಿಯ ಮೇಲೆ ಆ ಹಳದಿ ಬೆಣ್ಣೆಯ ಹಾಗೆ ಸೌಮ್ಯವಾಗಿತ್ತು. ಆಂಡರ್ಸನ್‌ಪೇಟೆಯ ನಮ್ಮ ಹಜಾರದ ನಾಲ್ಕೂ ಗೋಡೆಗೆ ಹತ್ತಿದ ಮೇಲೆ ಕಣ್ಣು ಕಿರಿದು ಮಾಡಿಕೊಂಡೇ ಊಟ ಮಾಡಬೇಕಾಯಿತು. ಹಾಲು ಹಾಕುವ ವೆಂಕಟಮ್ಮ ನನ್ನ ಮುಖ ನೋಡಿ, “ಯಾಕಣ್ಣ, ಕಾಮಾಲೆನಾ? ಬೇತಮಂಗಲದಾಗೆ ಔಷಧಿ ಕೊಡ್ತಾರೆ, ಓಗ್ಬನ್ನಿ” ಎಂದಳು. ಪೇಂಟು ಎಂದರೆ ನಂಬಲಿಲ್ಲ.

ಇಷ್ಟಕ್ಕೇ ಮುಗಿದಿದ್ದರೆ ನಾನೂ ನಕ್ಕು ಸುಮ್ಮನಾಗುತ್ತಿದ್ದೆ. ಹೆಂಡತಿ ನಾಗವೇಣಿಯ ತಂದೆ, ಅಂದರೆ ನಮ್ಮ ಮಾವ, ಚಿನ್ನದ ಗಣಿಯೊಳಗೆ ಬಂಡೆ ಕೊರೆದು ನಿವೃತ್ತರಾದವರು. ನಮ್ಮ ಜೊತೆಗೇ ಇದ್ದಾರೆ. ದಿನಾ ಸಂಜೆ ಐದಕ್ಕೆ ಸಣ್ಣ ಸಲಾಕೆಯಿಂದ ಹಜಾರದ ಪೂರ್ವದ ಗೋಡೆ ತಟ್ಟಿ ಕಿವಿಗೊಡುವುದು ಅವರ ಪದ್ಧತಿ. ಗಣಿಯಲ್ಲಿ ಕೆಲಸಕ್ಕೆ ಕೈ ಹಾಕುವ ಮೊದಲು ಹಾಗೆಯೇ ಬಂಡೆ ತಟ್ಟುತ್ತಿದ್ದರಂತೆ. ಕಣಕಣ ಎಂದರೆ ಗಟ್ಟಿ, ಡಬಡಬ ಎಂದರೆ ಟೊಳ್ಳು. ಆ ಗೋಡೆಯಲ್ಲೊಂದು ಬಿರುಕಿತ್ತು. ಅದು ಎಲ್ಲಿಯವರೆಗೆ ಬಂತೆಂದು ಮಾವ ಪೆನ್ಸಿಲಿನಲ್ಲಿ ಗೀಟು ಹಾಕುತ್ತಾ ಬಂದಿದ್ದರು. ನಾನು ಬಿರುಕಿಗೆ ಪುಟ್ಟಿ ಮೆತ್ತಿಸಿ, ಗೀಟುಗಳ ಮೇಲೆ ಎರಡು ಕೋಟು ಹಳದಿ ಹೊಡೆಸಿದ್ದೆ.

“ಗೀಟು ಅಳಿಸಿಬಿಟ್ರಾ ಅಳಿಯಂದ್ರೇ? ಇನ್ನು ಎಂಗೆ ಗೊತ್ತಾಗ್ತದೆ? ಇದರೊಳಗೆ ನಾ ಬರಲ್ಲ” ಎಂದು ಮಾವ ಚಾಪೆ ಎತ್ತಿಕೊಂಡು ಜಗಲಿಗೆ ಹೋದರು. ಊಟ, ನಿದ್ದೆ ಎಲ್ಲ ಅಲ್ಲೇ. ನಾಲ್ಕನೆಯ ದಿನ ಕೆಮ್ಮು ಹಿಡಿಯಿತು. ಮೊದಲೇ ಕಲ್ಲುಧೂಳು ಕುಡಿದ ಎದೆ. ನನಗೆ ನಿಜಕ್ಕೂ ಭಯವಾಯಿತು. “ಅಪ್ಪ ಒಳಗೆ ಬರೋಗಂಟ ನನ್ನ ಮಾತಾಡಿಸಬೇಡಿ” ಎಂದಳು ನಾಗವೇಣಿ.

“ಗೋಡೆ ಗಟ್ಟಿ ಅಂತ ನೀವೇ ತಟ್ಟಿ ತೋರಿಸಿ, ಬತ್ತೀನಿ” ಎಂದರು ಮಾವ. ನಾನು ಮೂರು ಸಲ ತಟ್ಟಿದೆ. ಕಣಕಣ ಎಂದಿತು. ಗೆದ್ದೆನೆಂದು ತಿರುಗುವಷ್ಟರಲ್ಲಿ ಗೋಡೆಯ ಒಳಗಿನಿಂದ ಯಾರೋ ಮೆಲ್ಲಗೆ ಮೂರು ಸಲ ತಟ್ಟಿದರು.

ಆ ಗೋಡೆಯ ಆಚೆ ಮನೆಯಿಲ್ಲ. ಮುಳ್ಳುಗಿಡದ ಖಾಲಿ ಜಾಗ. ಓಡಿಹೋಗಿ ನೋಡಿದೆ. ಒಂದು ಮೇಕೆ ದೂರದಲ್ಲಿ ಮಲಗಿತ್ತು. ಮೂರರವರೆಗೆ ಎಣಿಸುವಷ್ಟು ಓದಿದ ಹಾಗೆ ಕಾಣಲಿಲ್ಲ. ಒಳಗೆ ಬಂದು ಎರಡು ಸಲ ತಟ್ಟಿದೆ. ಎರಡೇ ಬಂತು. ಆ ಉರಿಯುವ ಹಳದಿಯ ನಡುವೆ ನನ್ನ ಬೆನ್ನು ತಣ್ಣಗಾಯಿತು.

ಮಾವ ಮಾತ್ರ ಚಾಪೆ ಸುತ್ತಿಕೊಂಡು ನೆಮ್ಮದಿಯಾಗಿ ಒಳಗೆ ಬಂದರು. “ಗಣಿಯಾಗೆ ಬಂಡೆ ಕುಸಿದು ಒಳಗೆ ಸಿಕ್ಕಾಕೊಂಡೋನು ತಟ್ಟಿದ್ರೆ ಈಚೆಯೋನು ತಟ್ಟಬೇಕು, ಇದ್ದೀವಪ್ಪ ಅಂತ. ಬಣ್ಣ ಬಳಿದ್ಮೇಲೆ ಕೇಳಿಸ್ತದೋ ಇಲ್ವೋ ಅಂತ ಅನುಮಾನ ಇತ್ತು. ಕೇಳಿಸ್ತದೆ ಬಿಡಿ. ಇನ್ಮೇಲೆ ನೀವೇ ತಟ್ಟಿ, ನನ್ನ ಕೈ ನಡುಗ್ತದೆ.”

“ಯಾರು ಮಾವ ಅದು?”

“ಒಳಗಿರೋರ ಎಸರು ಕೇಳಬಾರ್ದು.”

ಈಗ ಸಂಜೆ ಐದಾದರೆ ನಾನು ಗೋಡೆಯ ಮುಂದೆ ಹಾಜರು. ಕಚೇರಿಯಲ್ಲಿ ಇಷ್ಟು ನಿಯತ್ತಾಗಿ ಎಂದೂ ಇದ್ದವನಲ್ಲ. ಮೊನ್ನೆ ಬಂಗಾರಪೇಟೆಯ ರೈಲು ತಡವಾಗಿ, ಮನೆ ಸೇರಿದಾಗ ಐದೂವರೆ. ಚಪ್ಪಲಿ ಬಿಡುತ್ತಿರುವಾಗಲೇ ಗೋಡೆ ತಾನಾಗಿ ತಟ್ಟತೊಡಗಿತು. ಬೇಗಬೇಗ, ಗಾಬರಿಬಿದ್ದವರ ಹಾಗೆ. ಓಡಿಹೋಗಿ ಹಣೆ ಹಚ್ಚಿ, “ತಪ್ಪಾಯ್ತು, ಕ್ಷಮಿಸಿ, ಇನ್ನು ತಡ ಮಾಡಲ್ಲ” ಎಂದೆ. ಸದ್ದು ನಿಂತಿತು. ತಿರುಗಿದರೆ ಅಡುಗೆಮನೆಯ ಬಾಗಿಲಲ್ಲಿ ನಾಗವೇಣಿ. ಗೋಡೆ ತಟ್ಟಿದ್ದರ ಬಗ್ಗೆ ಅವಳಿಗೇನೂ ಆಶ್ಚರ್ಯವಿರಲಿಲ್ಲ.

“ಮದುವೆಯಾಗಿ ಇಷ್ಟು ವರ್ಷ ಆಯ್ತು, ನಂಗೆ ಒಂದು ದಿನನಾದ್ರೂ ಇಂಗೆ ತಪ್ಪಾಯ್ತು ಅಂದಿದೀರಾ?” ಎಂದಳು.

ನನ್ನ ಬೆನ್ನ ಹಿಂದೆ ಗೋಡೆ ಒಂದೇ ಒಂದು ಸಲ ತಟ್ಟಿ, ಉತ್ತರಕ್ಕೆ ಕಾಯುತ್ತಿತ್ತು.