ಮನೆಗೊಂದು ಅಂಗಿ

"ಈ ಮನೇಲಿ ನಾನಿರೋವರೆಗೂ ಎಸಿ ಅನ್ನೋ ಮಾತೇ ಎತ್ತಬೇಡ!" ಎಂದು ಟೈಲರಣ್ಣ ಗುಡುಗಿದಾಗ ಅವನ ಮೂಗಿನ ತುದಿಯಿಂದ ಬೆವರಿನ ಹನಿಯೊಂದು ಜಾರಿ, ಹೊಲಿಯುತ್ತಿದ್ದ ಪ್ಯಾಂಟಿನ ಮೇಲೆ ಬಿತ್ತು. ಪ್ಯಾಂಟು ಗಿರಾಕಿಯದು. ಟೈಲರಣ್ಣ ಅದನ್ನು ಹೆಬ್ಬೆರಳಿನಿಂದ ಮೆಲ್ಲಗೆ ಒರೆಸಿ, ಏನೂ ಆಗದವನಂತೆ ಗಾಂಭೀರ್ಯ ಕಾಪಾಡಿಕೊಂಡ.

ಹೆಂಡತಿ ಗೋಡೆಯ ಮೇಲಿನ ಥರ್ಮಾಮೀಟರ್ ತೋರಿಸಿದಳು. "ಮೂವತ್ತಾರು ರೀ! ಒಂದು ತಿಂಗಳಾಯ್ತು, ಮಧ್ಯಾಹ್ನ ಕಣ್ಣಿಗೆ ಕಣ್ಣು ಹತ್ತಿಲ್ಲ. ಭಾನುವಾರ ನನ್ನ ತಮ್ಮ ಬರ್ತಾನೆ. ಎಸಿ ಕೂರಿಸಿಯೇ ಹೋಗ್ತಾನೆ ಅಷ್ಟೆ."

ತಮ್ಮನ ಕಸುಬೇ ಅದು. ಊರಿನ ಅರ್ಧ ಗೋಡೆಗಳಿಗೆ ತೂತು ಕೊರೆದು ಎಸಿ ಕೂರಿಸಿದ್ದ. ಸ್ವಂತ ಅಕ್ಕನ ಮನೆಯ ಗೋಡೆ ಮಾತ್ರ ಇನ್ನೂ ಅವನ ಕೈಗೆ ಸಿಕ್ಕಿರಲಿಲ್ಲ.

"ಅಲ್ಲ ಕಣೇ, ಬಿಸಿಲನ್ನ ಒಳಗೆ ಬಿಟ್ಕೊಳ್ಳೋದು, ಆಮೇಲೆ ಕರೆಂಟ್ ಸುಟ್ಟು ಅದನ್ನ ಹೊರಗೆ ಅಟ್ಟೋದು! ಬುದ್ಧಿ ಇರೋರು ಮಾಡೋ ಕೆಲಸಾನಾ? ಬಿಸಿಲನ್ನ ಹೊರಗೇ ತಡೀಬೇಕು. ಬೇಸಿಗೇಲಿ ನಾವೇನು ಹಾಕ್ಕೋತೀವಿ? ಬಿಳೀ ಹತ್ತಿ ಅಂಗಿ. ಪಾಪ, ಈ ಮನೆ ಬರಿಮೈಯಲ್ಲಿ ಪಶ್ಚಿಮದ ಬಿಸಿಲಿಗೆ ನಿಂತಿದೆ. ಇದಕ್ಕೊಂದು ಅಂಗಿ ಹೊಲೀತೀನಿ!"

"ಕಾಲರ್ ಇರುತ್ತೋ, ಬರೀ ಪಟ್ಟಿಯೋ?"

ಹೆಂಡತಿ ಕೇಳಿದ್ದು ಗೇಲಿಗೆ. ಟೈಲರಣ್ಣ ಅರ್ಧ ಗಂಟೆ ಅದನ್ನೇ ಯೋಚಿಸಿದ.

ಕೊನೆಗೆ ಒಪ್ಪಂದವಾಯಿತು. ಭಾನುವಾರ ಮಧ್ಯಾಹ್ನ ಮೂರು ಗಂಟೆಗೆ ನಡುಮನೆಯ ಥರ್ಮಾಮೀಟರ್ ಮೂವತ್ತಕ್ಕಿಂತ ಕೆಳಗಿದ್ದರೆ ಎಸಿ ಬಂದ ದಾರಿಯಲ್ಲೇ ವಾಪಸ್. ಇಲ್ಲದಿದ್ದರೆ ಟೈಲರಣ್ಣ ತುಟಿಪಿಟಕ್ಕೆನ್ನದೆ ಗೋಡೆ ಒಪ್ಪಿಸಬೇಕು.

ಮರುದಿನ ಬೆಳಿಗ್ಗೆ ಕೊರಳಿಗೆ ಟೇಪು, ಕಿವಿಗೆ ಸೀಮೆಸುಣ್ಣ ಸಿಕ್ಕಿಸಿಕೊಂಡು ಅವನು ಏಣಿ ಹತ್ತಿದ. ಎದುರುಮನೆಯ ಟೀಚರಮ್ಮ ಗೇಟಿಗೆ ಆತುಕೊಂಡು ಕೇಳಿದರು: "ಏನಣ್ಣ, ಮನೆ ದಪ್ಪ ಆಗಿದೆಯಾ?"

"ಟೀಚರಮ್ಮ, ಮಾತಾಡಿಸಬೇಡಿ. ಭುಜದ ಅಳತೆ ತಪ್ಪುತ್ತೆ!"

ನಾಲ್ಕು ದಿನ ಗಿರಾಕಿಗಳ ಬಟ್ಟೆ ಮೂಲೆ ಸೇರಿತು. ಹೊಲಿಗೆ ಯಂತ್ರ ಹಗಲಿಡೀ ಗರಗರ ಎಂದಿತು. ತಾರಸಿಯ ಅಂಚಿನಿಂದ ನೆಲದವರೆಗೆ ಮನೆಯ ಮುಂಭಾಗವನ್ನೆಲ್ಲ ಮುಚ್ಚುವ ಅಂಗಿ! ಬಾಗಿಲಿನೆದುರು ಮೇಲಿಂದ ಕೆಳಗೆ ಒಂದು ಸೀಳು, ಅದಕ್ಕೆ ಹದಿನಾರು ಗುಂಡಿ, ಹದಿನಾರು ಕಾಜ. ಕಿಟಕಿಗಳ ಮೇಲೆ ಜೇಬು ಕೂಡ ಇತ್ತು. ಮನೆ ಜೇಬಿನಲ್ಲಿ ಏನಿಟ್ಟುಕೊಳ್ಳುತ್ತದೆ ಎಂದು ಹೆಂಡತಿ ಕೇಳಲಿಲ್ಲ. ಅವಳು ಆ ಹಂತ ದಾಟಿದ್ದಳು.

ಭಾನುವಾರ ಬೆಳಿಗ್ಗೆ ಅಂಗಿಯನ್ನು ನಾಲ್ಕೂ ಕಡೆ ಮೊಳೆ ಹೊಡೆದು ಬಿಗಿದದ್ದಾಯಿತು. ಗಂಡ ಹೆಂಡತಿ ಒಳಗೆ ಸೇರಿಕೊಂಡು ಹದಿನಾರು ಗುಂಡಿಯನ್ನೂ ಒಳಗಿನಿಂದಲೇ ಹಾಕಿಕೊಂಡರು. ಆಮೇಲೆ ಟೈಲರಣ್ಣ ಒಳಗಿನ ಮೆಟ್ಟಿಲಿನಿಂದ ತಾರಸಿಗೆ ಹತ್ತಿ, ಪೈಪು ಹಿಡಿದು, ಅಂಗಿ ತೊಪ್ಪೆಯಾಗುವಂತೆ ನೀರು ಬಿಟ್ಟ. ಒದ್ದೆ ಬಟ್ಟೆ, ತಂಪು ಗೋಡೆ! ಆಹಾ!

ಇಪ್ಪತ್ತೈದು ವರ್ಷದಿಂದ ಅಂಗಡಿಗೆ ಬಂದ ಪ್ರತಿಯೊಬ್ಬ ಗಿರಾಕಿಗೂ ಟೈಲರಣ್ಣ ಉಪದೇಶ ಮಾಡುತ್ತಿದ್ದ: "ಹೊಸ ಬಟ್ಟೆ ಒಂದ್ಸಲ ನೀರಲ್ಲಿ ನೆನೆಸಿ, ಒಣಗಿಸಿ ತನ್ನಿ. ಇಲ್ಲಾಂದ್ರೆ ಹೊಲಿದ ಮೇಲೆ ಕುಗ್ಗುತ್ತೆ." ಮನೆಯ ಅಂಗಿಗೆಂದು ತಾನೇ ತಂದ ಹೊಸ ಬಟ್ಟೆ ಮೊದಲ ಸಲ ನೀರು ಕಂಡದ್ದು ಆ ಕ್ಷಣದಲ್ಲಿ, ಆ ಪೈಪಿನಿಂದ.

ಮಧ್ಯಾಹ್ನದ ಹೊತ್ತಿಗೆ ಅಂಗಿ ಕುಗ್ಗಿ ಕುಗ್ಗಿ ತಮಟೆಯಾಗಿತ್ತು. ಬೆರಳಲ್ಲಿ ತಟ್ಟಿದರೆ ಡಂ ಎನ್ನುತ್ತಿತ್ತು! ಗುಂಡಿಗಳು ಕಾಜಗಳನ್ನು ಕಚ್ಚಿ ಹಿಡಿದಿದ್ದವು. ಟೈಲರಣ್ಣ ಎಳೆದ, ತಿರುಚಿದ, ಬೇಡಿಕೊಂಡ. ಒಂದೂ ಬಿಚ್ಚಲಿಲ್ಲ. ಹಿಂಬಾಗಿಲು ಆ ಮನೆಗೆ ಇರಲೇ ಇಲ್ಲ. ತಾರಸಿಯಿಂದ ಇಳಿಯೋಣವೆಂದರೆ ಏಣಿ ಹೊರಗೆ ನೆಲದ ಮೇಲೆ ಬಿದ್ದಿತ್ತು. ಕಿಟಕಿಗಳಿಗೆ ಒದ್ದೆ ಬಟ್ಟೆ ಅಂಟಿಕೊಂಡು ಒಂದು ಎಳೆ ಗಾಳಿಯೂ ಒಳಗೆ ಬರುತ್ತಿರಲಿಲ್ಲ.

"ಮೂವತ್ತಮೂರು! ಇಳೀತಿದೆ ನೋಡು!"

"ಇದು ತಂಪಲ್ಲ ರೀ, ಆವಿ! ನಾವು ಬೇಯ್ತಿದೀವಿ!"

ಎರಡೂವರೆಗೆ ಆಟೋದಲ್ಲಿ ಎಸಿಯ ಪೆಟ್ಟಿಗೆ ಹೇರಿಕೊಂಡು ಭಾವಮೈದ ಬಂದಿಳಿದ. ಅಕ್ಕನ ಮನೆ ಇದ್ದ ಜಾಗದಲ್ಲಿ ಜೇಬಿದ್ದ ಬಿಳಿ ಗೋಡೆಯೊಂದು ನಿಂತಿತ್ತು.

"ಭಾವಾ! ಬಾಗಿಲೆಲ್ಲಿ?"

"ಗುಂಡಿ ಸಾಲಿನ ಹಿಂದೆ ಇದೆ ಕಣಯ್ಯ! ಸ್ವಲ್ಪ ತಡಿ!"

"ತಲೆಯಿಂದ ಹಾಕ್ಕೊಂಡು ಬರಲಾ, ಕಾಲಿಂದ ಹಾಕ್ಕೊಂಡು ಬರಲಾ?"

ಬೀದಿ ಗೊಳ್ಳೆಂದು ನಕ್ಕಿತು. ಟೀಚರಮ್ಮನ ನಗು ಎಲ್ಲಕ್ಕಿಂತ ಮೇಲೆ ಕೇಳಿಸಿತು. ಒಳಗೆ ಟೈಲರಣ್ಣನಿಗೆ ಅಳುವೇ ಬರುವಂತಾಯಿತು. ಎಸಿ ಬಂದರೆ ಬರಲಿ, ಹೊಲಿಗೆಯ ಮಾನ ಹೋಯಿತಲ್ಲ!

ಹೆಂಡತಿ ದೊಡ್ಡ ಕತ್ತರಿ ಎತ್ತಿಕೊಂಡಳು.

"ಬೇಡ ಕಣೇ! ಹೊಲಿದ ಬಟ್ಟೆಗೆ ಕತ್ತರಿ ಹಾಕಿದ್ರೆ ನನ್ನ ಹೊಟ್ಟೆಗೇ ಹಾಕಿದ ಹಾಗೆ!"

"ನಿಮ್ಮ ಹೊಟ್ಟೆ ವಿಷಯ ಆಮೇಲೆ. ಈಗ ಉಸಿರಾಡಬೇಕು, ಪಕ್ಕಕ್ಕೆ ಸರೀರಿ!"

ಪರ್ ಎಂದು ಮೊದಲ ಸೀಳು ಬಿತ್ತು. ಅಷ್ಟಕ್ಕೇ ನಿಲ್ಲಿಸಬಹುದಿತ್ತು. ಒಂದು ತಿಂಗಳ ನಿದ್ದೆಗೆಟ್ಟ ಸಿಟ್ಟು ಅವಳನ್ನು ನಿಲ್ಲಲು ಬಿಡಲಿಲ್ಲ. ಗುರುತು ಹಾಕಲಿಲ್ಲ, ಅಳತೆ ನೋಡಲಿಲ್ಲ. ಬಾಗಿಲಿನ ಮುಂದೆ ಎಂಟು ಸೀಳು, ಎರಡು ಕಿಟಕಿಗೂ ಆರಾರು! ಜೇಬು, ಗುಂಡಿ, ಕಾಜ ಎಲ್ಲ ಚಿಂದಿ ಚಿಂದಿ!

ಆಗ ಗಾಳಿ ಬೀಸಿತು. ಒದ್ದೆ ಪಟ್ಟಿಗಳು ಪಟಪಟ ಎಂದು ಹಾರಾಡಿದವು. ಬಿಸಿಲು ಹೊರಗೇ ಉಳಿಯಿತು, ಗಾಳಿ ಮಾತ್ರ ಅವುಗಳ ನಡುವೆ ತಣ್ಣಗಾಗಿ ಒಳಗೆ ನುಗ್ಗಿತು. ಪಟ್ಟಿಗಳನ್ನು ಸರಿಸಿಕೊಂಡು ಪೆಟ್ಟಿಗೆಯ ಸಮೇತ ಒಳಗೆ ಬಂದ ಭಾವಮೈದ ನಡುಮನೆಯಲ್ಲಿ ನಿಂತು, "ಹಾ..." ಎಂದ. ಮೂವರೂ ಥರ್ಮಾಮೀಟರ್ ಮುಂದೆ ಕಣ್ಣು ಮಿಟುಕಿಸದೆ ನಿಂತರು. ಮೂವತ್ತೊಂದು. ಮೂವತ್ತು. ಗಡಿಯಾರ ಮೂರು ಹೊಡೆದಾಗ ಇಪ್ಪತ್ತೊಂಬತ್ತು!

"ಗೆದ್ದುಬಿಟ್ರಿ ಭಾವ," ಎಂದ ಭಾವಮೈದ, ತಾನೇ ತಂದ ಎಸಿ ಪೆಟ್ಟಿಗೆಗೆ ಒರಗಿ ಕೂತು ಗೊರಕೆ ಶುರುಮಾಡಿದ. ಹೆಂಡತಿ ಚಾಪೆಯ ಮೇಲೆ ಉರುಳಿದವಳು ತಿಂಗಳ ಮೇಲೆ ಮೊದಲ ಸಲ ಹಾಯಾಗಿ ಕಣ್ಣು ಮುಚ್ಚಿದಳು. ಅದನ್ನು ನೋಡಿ ಟೈಲರಣ್ಣನಿಗೆ ನಿಜಕ್ಕೂ ಸಂತೋಷವಾಯಿತು. ಆಮೇಲೆ ಸಂತೋಷ ತಲೆಗೇರಿತು. ಗೆದ್ದದ್ದು ಯಾರ ಹೊಲಿಗೆ? ತನ್ನದೇ ತಾನೆ!

ಅಷ್ಟರಲ್ಲಿ ಟೀಚರಮ್ಮ ಪಟ್ಟಿ ಸರಿಸಿ ಒಳಗೆ ಇಣುಕಿದರು. ಒಂದು ನಿಮಿಷ ಗಾಳಿಗೆ ಮುಖವೊಡ್ಡಿ ನಿಂತು ಹೇಳಿದರು: "ಅಣ್ಣ, ನಗಾಡಿದ್ದು ತಪ್ಪಾಯ್ತು. ನಮ್ಮನೆಗೂ ಹೀಗೇ ಬೇಕು."

ಟೈಲರಣ್ಣ ಠೀವಿಯಿಂದ ಕೊರಳಿನ ಟೇಪು ತೆಗೆದ. "ಬನ್ನಿ, ಅಳತೆ ತಗೋತೀನಿ. ನಾಲ್ಕೇ ದಿನ, ಹೊಲಿದು ಕೊಡ್ತೀನಿ!"

"ಅಯ್ಯೋ, ಹೊಲಿಯೋದು ಯಾಕಣ್ಣ? ಮನೇಲಿ ಹಳೇ ಬೆಡ್‌ಶೀಟು ಬೇಕಾದಷ್ಟಿದೆ. ಹರಿಯೋದಕ್ಕೆ ನಿಮ್ಮನೆಯವರನ್ನ ಒಂದರ್ಧ ಗಂಟೆ ಕಳಿಸಿ ಸಾಕು. ಎಂಥಾ ಕೈ ಅವರದ್ದು!"

ಟೇಪು ಟೈಲರಣ್ಣನ ಕೈಯಲ್ಲೇ ಜೋತಾಡಿತು. ಚಾಪೆಯ ಮೇಲಿಂದ, ಕಣ್ಣು ತೆರೆಯದೆಯೇ, ಹೆಂಡತಿಯ ಧ್ವನಿ ಬಂತು:

"ಐದು ಗಂಟೆಗೆ ಬರ್ತೀನಿ ಟೀಚರ್. ಕತ್ತರಿ ಭಾರ ಅಲ್ವಾ, ಹಿಡ್ಕೊಳ್ಳೋಕೆ ಇವರನ್ನೂ ಕರ್ಕೊಂಡು ಬರ್ತೀನಿ!"