ಬೂದಿ ವಾಪಸ್ ಕೊಡಿ!

ನನ್ನ ಸೋದರತ್ತೆ ಕಳ್ಳಿ ಎಂದರೆ ನೀವು ನಂಬುವುದಿಲ್ಲ. ಅವಳು ಕದಿಯುವುದು ಬೂದಿ ಎಂದರಂತೂ ನನ್ನನ್ನೇ ಡಾಕ್ಟರ ಬಳಿ ಕರೆದೊಯ್ಯುತ್ತೀರಿ! ಆದರೆ ನಮ್ಮೂರಿನ ಯಾವುದೇ ತೆಂಗಿನ ಬುಡದಲ್ಲಿ ಕಪ್ಪು ಬೂದಿ ಕಂಡರೆ ಅವಳ ಕೈ ಸುಮ್ಮನಿರುವುದಿಲ್ಲ. ಕೈಗವಸು, ಮಾಸ್ಕು, ಒಂದು ಬಗಲಲ್ಲಿ ನೀರಿನ ಕ್ಯಾನು, ಇನ್ನೊಂದರಲ್ಲಿ ಗೋಣಿಚೀಲ. ಈ ಅವತಾರ ಬೇಲಿ ದಾಟಿ ಬಂದರೆ ನಾಯಿಗಳು ಕೂಡ ಬೊಗಳುವುದನ್ನು ಮರೆಯುತ್ತವೆ.

ಆದದ್ದಿಷ್ಟು. ಊರ ಪಕ್ಕದ ಗುಡ್ಡದ ಮೇಲೆ ಪೇಟೆಯ ಕಸ ಸುಡುವ ಘಟಕ ಬಂತು. ಅದರ ಹಿಂದೆ ಬೂದಿಯ ರಾಶಿ ಬಿತ್ತು. ನಮ್ಮ ಕಡೆಯವರಿಗೆ ಬೂದಿ ಎಂದರೆ ಕೇಳಬೇಕೆ? ತೆಂಗಿಗೆ ಗೊಬ್ಬರ, ಬಸಳೆಗೆ ಹುಳದ ಮದ್ದು, ಪಾತ್ರೆಗೆ ಹೊಳಪು. ಅದೂ ಪುಕ್ಕಟೆ! ಬುಟ್ಟಿಬುಟ್ಟಿ ಹೊತ್ತು ತಂದರು. ಕುಮಟೆಯ ಕಾಲೇಜೊಂದರ ರಸಾಯನಶಾಸ್ತ್ರದ ಲ್ಯಾಬಿನಲ್ಲಿ ಜೀವಮಾನವಿಡೀ ದುಡಿದ ಅತ್ತೆಗೆ ಮಾತ್ರ ತಡವಾಗಿ ಅನುಮಾನ ಬಂತು. ಪರೀಕ್ಷೆಗೆ ಕಳಿಸಿದಳು. ಸೀಸ, ಕ್ಯಾಡ್ಮಿಯಂನಂಥ ವಿಷವೆಲ್ಲ ಇತ್ತು. ಮಳೆ ಬಂದರೆ ಅಷ್ಟೂ ಬಾವಿಗೆ. ಗುಡ್ಡದ ಬುಡದಲ್ಲಿರುವ ನಾಗಕ್ಕನ ಬಾವಿಯ ನೀರು ಆಗಲೇ ಕುಡಿಯಲು ಬಾರದಂತಾಗಿತ್ತು. ಉಳಿದ ಬಾವಿಗಳನ್ನು ಉಳಿಸಿಯೇ ತೀರುತ್ತೇನೆಂದು ಅತ್ತೆ ಸೊಂಟಕ್ಕೆ ಸೆರಗು ಬಿಗಿದಳು.

“ಆ ಬೂದಿ ವಾಪಸ್ ಕೊಡು,” ಎಂದು ಪಕ್ಕದ ಮನೆಯವಳನ್ನು ಕೇಳಿದಳು.

“ಬೂದಿ ಅಂದ್ರೆ ಬೂದಿಯೇ ಅಲ್ದಾ ಅಮ್ಮಾ?”

“ನಿನ್ನ ಒಲೇಲಿ ಬ್ಯಾಟರಿ ಸುಡ್ತೆಯಾ? ಟ್ಯೂಬ್‌ಲೈಟ್ ಸುಡ್ತೆಯಾ?”

“ಸೌದೆಗೇ ಗತಿ ಇಲ್ಲ, ಟ್ಯೂಬ್‌ಲೈಟ್ ಎಲ್ಲಿಂದ ತರೂದು?”

ಬಾಯಿಮಾತಿಗೆ ಯಾರೂ ಬಗ್ಗಲಿಲ್ಲ. ಕದ್ದರೆ ಒಂದೆರಡು ಬುಟ್ಟಿ ಸಿಕ್ಕೀತು, ಊರಿನದೆಲ್ಲ ಸಿಕ್ಕೀತೆ? ಕೊನೆಗೆ ಅತ್ತೆ ವಿನಿಮಯ ಸಾರಿದಳು: ಒಂದು ಬುಟ್ಟಿ ಕಸದ ಬೂದಿ ಕೊಟ್ಟರೆ ಒಂದು ಬುಟ್ಟಿ ಒಲೆಯ ಬೂದಿ! ಅಷ್ಟು ಒಲೆಯ ಬೂದಿ ಎಲ್ಲಿಂದ? ಸಂತೆಗುಳಿಯ ನೆಂಟರ ಬಚ್ಚಲ ಒಲೆಗಳಿಂದ. ಸಾಗಿಸುವವರು ಯಾರು? ನಾನು, ನನ್ನ ಬಡಪಾಯಿ ಸ್ಕೂಟರು. ಹೆದ್ದಾರಿಯಲ್ಲಿ ಒಮ್ಮೆ ಪೊಲೀಸರು ತಡೆದರು.

“ಚೀಲದಲ್ಲಿ ಎಂತ?”

“ಬೂದಿ,” ಎಂದಳು ಹಿಂದೆ ಕೂತ ಅತ್ತೆ.

“ಯಾರದ್ದು?”

“ಸಂತೆಗುಳಿಯ ಹದಿನಾಲ್ಕು ಮನೆಯವ್ರದ್ದು.”

ಪಾಪ, ಅವರು ಟೋಪಿ ತೆಗೆದು ನಿಂತುಬಿಟ್ಟರು!

ವಾಪಸ್ ಬಂದ ವಿಷವನ್ನು ಏನು ಮಾಡುವುದು? ಅತ್ತೆ ಪ್ರತಿ ಸೋಮವಾರ ಘಟಕದ ಸಾಹೇಬರ ಎದುರು ಹೋಗಿ ಕೂತಳು. ಬೂದಿ ಹಾರದಂತೆ ನೀರು ಚಿಮುಕಿಸಿ, ಮಳೆ ಬೀಳದಂತೆ ಮಾಡಿನ ಕೆಳಗಿಡಿಸಿದಳು. ಸಿಮೆಂಟು ಬೆರೆಸಿ ಇಟ್ಟಿಗೆ ಎರೆಸಿದಳು. ಅದನ್ನು ನೀರಲ್ಲಿ ನೆನೆಹಾಕಿಸಿ, ಆ ನೀರಿಗೆ ವಿಷ ಬಿಟ್ಟಿದೆಯೇ ಎಂದು ಪರೀಕ್ಷೆ ಮಾಡಿಸಿದಳು. ಮೊದಲ ಸಲ ಬಿಟ್ಟಿತ್ತು. ಎರಡನೆಯ ಸಲವೂ ಬಿಟ್ಟಿತ್ತು.

“ಇಷ್ಟು ಗಟ್ಟಿ ಇದೆಯಲ್ಲಮ್ಮಾ, ಬಸ್‌ಸ್ಟ್ಯಾಂಡಿಗೆ ಬೆಂಚು ಮಾಡಿದ್ರೆ ಆಗೂದಿಲ್ವಾ?” ಎಂದರು ಸಾಹೇಬರು.

“ಆಗ್ತದೆ. ಮೊದಲು ಒಂದನ್ನು ನಿಮ್ಮನೆ ನೀರಿನ ಟಾಕಿಗೆ ಹಾಕಿ ನೋಡುವ!”

ಸಾಹೇಬರು ಮತ್ತೆ ಬೆಂಚಿನ ಸುದ್ದಿ ಎತ್ತಲಿಲ್ಲ. ಹದ ಬದಲಿಸಿದ ಮೂರನೆಯ ಇಟ್ಟಿಗೆ ಗೆದ್ದಿತು. ಆದರೂ ಅತ್ತೆ ಬಿಡಲಿಲ್ಲ. ಇಟ್ಟಿಗೆಗಳೆಲ್ಲ ತಳಕ್ಕೆ ದಪ್ಪ ಪ್ಲಾಸ್ಟಿಕ್ ಹಾಳೆ ಹಾಸಿದ, ಮೇಲಿನಿಂದ ಮಳೆ ಇಳಿಯದ ಗುಂಡಿಗೇ ಹೋಗಬೇಕೆಂದು ಬರೆಸಿಕೊಂಡು ಬಂದಳು.

ಅಂದು ಮನೆಯಲ್ಲಿ ಪಾಯಸ ಮಾಡಿದೆವು. ಅತ್ತೆ ಉಣ್ಣಲಿಲ್ಲ. ಕೊಡ ತೆಗೆದುಕೊಂಡು ನಮ್ಮ ಬಾವಿಯಿಂದ ನೀರು ಸೇದಿದಳು.

“ಎಲ್ಲ ಆತಲ್ಲ ಅತ್ತೆ, ಇನ್ನೆಂತ?” ಎಂದೆ.

“ಊರಿಂದು ಆತು ತಮಾ. ನಾಗಕ್ಕನ ಬಾವಿದು ಇನ್ನೂ ಆಜಿಲ್ಲೆ. ಗುಡ್ಡದಿಂದ ಮೊದಲ ಬುಟ್ಟಿ ತಂದವಳು ಆನೇ. ಬಸಳೆಗೆ ಒಳ್ಳೇದು ಹೇಳಿ ಅವಳ ಬಾವಿ ಹತ್ರ ಹಾಕಿಕೊಟ್ಟದ್ದೂ ಆನೇ.”

ಮೊದಲ ಬುಟ್ಟಿ ತಂದವಳೂ, ನಾಗಕ್ಕನ ಬಾವಿಯ ಬಳಿ ಹಾಕಿದವಳೂ ನಮ್ಮ ಅತ್ತೆಯೇ! ದಿನಾ ಕೊಡ ಹೊತ್ತು ಅವಳು ಎಲ್ಲಿಗೆ ಹೋಗುತ್ತಾಳೆಂದು ನಾನು ಒಂದು ದಿನವೂ ಕೇಳಿರಲಿಲ್ಲ. ಅವಳ ಹಿಂದೆಯೇ ನಡೆದೆ. ನಾಗಕ್ಕ ಅಂಗಳದ ತುದಿಯಲ್ಲೇ ಕಾಯುತ್ತಿದ್ದಳು.

“ಗೊತ್ತಿದ್ದು ಹಾಕಿದ್ದಾ ನೀವು? ಸಾಕು ಮಾಡಿ ಅಮ್ಮಾ,” ಎಂದು ಕೊಡಕ್ಕೆ ಕೈ ಹಾಕಿದಳು.

ಅತ್ತೆ ಬಿಡಲಿಲ್ಲ. “ನಿನ್ನ ಬಾವಿ ಸರಿ ಆಗೂವರೆಗೆ ನಾನೇ ಹೊರ್ತೆ, ನಾಗಕ್ಕಾ.”

ಇಬ್ಬರೂ ಒಂದೇ ಕೊಡ ಹಿಡಿದುಕೊಂಡು ಅಳುತ್ತಿದ್ದರು. ಇಷ್ಟು ದಿನ ಅವಳ ಹುಚ್ಚು ಹೇಳಿಕೊಂಡು ಎಲ್ಲರನ್ನೂ ನಗಿಸಿದವನು ನಾನು. ನಾಚಿಕೆಯಾಯಿತು. ಮರುದಿನದಿಂದ ಎರಡನೆಯ ಕೊಡ ನಾನು ಹೊರುತ್ತಿದ್ದೇನೆ.